ಪಟ್ಟಿ ಬಿಚ್ಚಿದ ದಿನ

ಮಾರ್ಚ್ ೧೪, ಗುರುವಾರ

ಇವತ್ತು ಆಸ್ಪತ್ರೆಗೆ ಆ ಪುಸ್ತಕ ಒಯ್ಯಬಾರದಿತ್ತು. ಬೆಂಕಿಯಲ್ಲಿ ಸುಟ್ಟ ತಮ್ಮನ ಮುಖದ ಪಟ್ಟಿ ಬಿಚ್ಚಿದ ದಿನವೇ, ರೂಪ ಬದಲಿಸುವ ಪಿಶಾಚಿಯ ಕಾದಂಬರಿಯನ್ನು ಅವನಿಗೆ ಓದಿ ಹೇಳಲು ಕೂತೆ. ಒಂದು ತಿಂಗಳಿಂದ ಓದುತ್ತಿದ್ದುದು ಅದನ್ನೇ. ಎಂಟನೇ ಅಧ್ಯಾಯದಲ್ಲಿ ಏನಿದೆಯೆಂದು ಮೊದಲೇ ನೋಡಿಕೊಂಡಿರಲಿಲ್ಲ.

ಅಲ್ಲಿ ಪಿಶಾಚಿ ಸತ್ತ ಸೈನಿಕನ ಮುಖ ತೊಟ್ಟು ಅವನ ಮನೆಗೆ ಹೋಗುತ್ತದೆ. ಯಾವ ರೂಪ ತೊಟ್ಟರೂ ಅದರ ಹಸಿವು ಬದಲಾಗುವುದಿಲ್ಲ. ಅದೊಂದೇ ಅದರ ಗುರುತು. ಕಾದಂಬರಿ ಅನುವಾದವಾದರೂ ಆ ಸಾಲು ಓದುವಾಗ ಎಲ್ಲೂ ತೊಡರಲಿಲ್ಲ.

"ಅಕ್ಕ, ಅದು ಕನ್ನಡಿ ನೋಡ್ಕೊಳ್ಳುತ್ತಾ?" ಎಂದ ತಮ್ಮ.

ಪುಟ ತಿರುವಿ ಹುಡುಕಿದೆ. "ಇಲ್ಲ ಕಣೋ. ಎದುರಿಗಿರೋರ ಮುಖ ನೋಡಿ, ತಾನು ಹೇಗಿದೀನಿ ಅಂತ ತಿಳ್ಕೊಳ್ಳುತ್ತೆ."

"ನಂದೂ ಅದೇ ಕತೆ. ನೀನು ನೋಡಿದ್ರೆ ಬಂದಾಗಿಂದ ತಲೇನೇ ಎತ್ತಿಲ್ಲ."

ನಿಜ. ಓದುವ ನೆಪದಲ್ಲಿ ಹೆದರಿ ಕೂತಿದ್ದೆ. ಪುಸ್ತಕ ಮುಚ್ಚಿ ನೋಡಿದೆ. ಕೆನ್ನೆ ಬಿಗಿದು ಕೆಂಪಾಗಿತ್ತು.

"ಒಂದು ಹುಬ್ಬಿಲ್ಲ," ಎಂದೆ.

"ಅಷ್ಟೇನಾ?"

"ಅಷ್ಟೇ ಅಲ್ಲ. ಆದ್ರೆ ಅಕ್ಕನ್ನ ಕೆಣಕೋ ಬುದ್ಧಿ ಹಾಗೇ ಇದೆ."

ಅವನು ನಕ್ಕ, ನಗು ಒಂದೇ ಕಡೆಗೆ ಬಂತು. ನಾನು ಕಣ್ಣು ತೆಗೆಯಲಿಲ್ಲ. ಹೊರಡುವ ಹೊತ್ತಿನವರೆಗೂ ನೋಡುತ್ತಲೇ ಇದ್ದೆ. ಕೊನೆಗೆ ಅವನೇ ಹೇಳಿದ: "ಸಾಕು ಬಿಡಕ್ಕ, ದೃಷ್ಟಿ ಆಗುತ್ತೆ."