ತೊಟ್ಟಿಗೆ ಬಿಡದ ಎಂಟು ಮೀನು

ಮಾರ್ಚ್ ೯, ಭಾನುವಾರ

ಅಕ್ಕಾ,

ಹೇಗಿದ್ದೀಯ? ಮಗು ಹೇಗಿದೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೈ ಬರಲಿಲ್ಲ, ಅಷ್ಟೇ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ನೋಡಿ ನಗಬೇಡ.

ಅಪ್ಪ ನೋಡಿಕೊಳ್ಳುತ್ತಿದ್ದ ನಮ್ಮ ಬೀದಿ ಕೊಳದ ಮೀನೆಲ್ಲ ಸತ್ತುಹೋದವು. ನೀನು ಹೋಗುವ ಮುಂಚೆ ಬಿಟ್ಟಿದ್ದ ಆ ಬಾಲ ಹರಿದ ಮುದುಕಿ ಮೀನೂ ಹೋಯಿತು. ಸುತ್ತಿ ಬಳಸಿ ಹೇಳುವುದು ನನಗೆ ಬರಲ್ಲ. ಕೊಂದವಳು ನಾನು.

ಅಪ್ಪನ ಕಟ್ಟುನಿಟ್ಟು ನಿನಗೆ ಗೊತ್ತಲ್ಲ. ಹೊಸ ಮೀನು ಬಂದರೆ ಹಿತ್ತಲಿನ ಹಳೇ ಸ್ನಾನದ ತೊಟ್ಟಿಯಲ್ಲಿ ಪೂರ್ತಿ ಒಂದು ತಿಂಗಳು, ರೋಗ ಇದ್ದರೆ ಅಲ್ಲೇ ಗೊತ್ತಾಗಲಿ ಅಂತ. ಆಮೇಲೆ ನೀರು ತುಂಬಿದ ಚೀಲಕ್ಕೆ ಹಾಕಿ ಕೊಳದಲ್ಲಿ ತೇಲಿಸಿ, ಒಂದೊಂದೇ ಲೋಟ ಕೊಳದ ನೀರು ಬೆರೆಸಿ, ನಿಧಾನಕ್ಕೆ ಬಿಡುವುದು. ತಿನ್ನೋಕೆ ಏನೂ ಹಾಕುವ ಹಾಗಿಲ್ಲ. ಸೊಳ್ಳೆ ಮರಿ, ಪಾಚಿ ತಿಂದು, ಜೊಂಡಿನ ನೆರಳಲ್ಲಿ ಅವೇ ಬದುಕುತ್ತಿದ್ದವು. ಯಾರಾದರೂ ಬ್ರೆಡ್ಡು ಎಸೆದರೆ ಅಪ್ಪ ಕೋಲು ಹಿಡಿದು ಬರುತ್ತಿದ್ದ.

ನಾನು ಬಣ್ಣದ ಮೀನಿನ ಅಂಗಡಿ ಸೇರಿದೆನಲ್ಲ, ಅಲ್ಲಿಂದ ಒಂದಷ್ಟು ತರಲಾ ಅಂತ ಕೇಳಿದೆ. "ಈ ನೀರಿಗೆ ಇಷ್ಟೇ ಸಾಕು. ಇನ್ನೂ ತುರುಕಿದ್ರೆ ಇರೋವಕ್ಕೂ ಉಸಿರು ಸಾಲಲ್ಲ. ನಿಮ್ಮ ಅಂಗಡೀದಂತೂ ಬೇಡವೇ ಬೇಡ" ಅಂದ. ಓದೂ ಹತ್ತಲಿಲ್ಲ, ಕೆಲಸಕ್ಕೂ ಲಾಯಕ್ಕಿಲ್ಲ ಅಂದ ಹಾಗೆ ಕೇಳಿಸಿತು ನನಗೆ. ಮೈ ಉರಿದುಹೋಯಿತು.

ಮಾರನೇ ದಿನ ಮಧ್ಯಾಹ್ನ ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಎಂಟು ಮರಿ ತಂದು, ಚೀಲ ಹರಿದು ಬೇಲಿ ಮೇಲಿಂದ ನೇರ ಕೊಳಕ್ಕೆ ಸುರಿದು, ಚೀಲ ಅಲ್ಲೇ ಎಸೆದು ಬಂದೆ. ಗೊತ್ತಾಗದಿರಲಿ ಅಂತ ಕೊಳದ ಮೀನಿನ ಬಣ್ಣದವನ್ನೇ ಆರಿಸಿದ್ದೆ. ದಪ್ಪಗೆ ಬೆಳೆದ ಮೇಲೆ ತೋರಿಸಿ ಅವನ ಬಾಯಿ ಮುಚ್ಚಿಸಬೇಕು ಅಂತಿದ್ದೆ.

ಹತ್ತೇ ದಿನಕ್ಕೆ ಎಲ್ಲದರ ಮೈಮೇಲೂ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜಿದವು, ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಅಪ್ಪ ಮಂಡಿಯುದ್ದ ನೀರಲ್ಲಿ ನಿಂತು ಸತ್ತವನ್ನು ಜರಡಿಯಲ್ಲಿ ಎತ್ತಿದ. ಮುದುಕಿಯನ್ನು ಮಾತ್ರ ಕೈಯಲ್ಲಿ.

ಬೀದಿ ಸಂಘದ ಕಾರ್ಯದರ್ಶಿ ಬಂದು ಏನಾಯಿತು ಅಂತ ವಿಚಾರಿಸಿದ. ಹಿಂದಿನ ತಿಂಗಳು ಅಪ್ಪ ತೊಟ್ಟಿಯಿಂದ ಕೊಳಕ್ಕೆ ಎರಡು ಮೀನು ಬಿಟ್ಟಿದ್ದ. ತಿಂಗಳು ತುಂಬಿತ್ತು, ಅವನು ಗೋಡೆ ಮೇಲೆ ದಿನಕ್ಕೊಂದು ಎಳೆದ ಗೀಟು ನಾನೇ ಎಣಿಸಿದ್ದೆ. ಆದರೂ ಅಪ್ಪ, "ತಿಂಗಳು ತುಂಬೋ ಮೊದಲೇ ಬಿಟ್ಬಿಟ್ಟೆ. ಕಣ್ಣೂ ಸರಿಯಿಲ್ಲ, ನೆನಪೂ ಸರಿಯಿಲ್ಲ" ಅಂದ. ಪಾಪ, ಮರೆತು ತನ್ನದೇ ತಪ್ಪು ಅಂತ ನಂಬಿದ್ದಾನೆ ಅಂದುಕೊಂಡೆ. ಸಂಘದವರು ಕೊಳದ ಗೇಟಿನ ಕೀಲಿ ಇಸಿದುಕೊಂಡು ಹೋದರು. ಇಪ್ಪತ್ತು ವರ್ಷ ಅವನ ಸೊಂಟದಲ್ಲಿದ್ದ ಕೀಲಿ. ನಾನು ಪಕ್ಕದಲ್ಲೇ ನಿಂತಿದ್ದೆ ಅಕ್ಕಾ. ಬೀದಿಗೆಲ್ಲ ಕೇಳುವ ಹಾಗೆ ಜಗಳ ಆಡುವವಳು ಅವತ್ತು ತುಟಿ ಬಿಚ್ಚಲಿಲ್ಲ.

ಈಗ ಕೊಳದ ಕಡೆಯ ಕಿಟಕಿ ಮುಚ್ಚಿ ಕೂರುತ್ತಾನೆ. ಹೇಳಿಬಿಡಲಾ? ಹೇಳಿದರೆ ನನ್ನ ಮುಖ ನೋಡುತ್ತಾನಾ? ಬೈದು ಬರಿ. ಸಮಾಧಾನ ಗಿಮಾಧಾನ ಬರೆದರೆ ಹರಿದು ಹಾಕುತ್ತೇನೆ.

ಮಗು ಚೆನ್ನಾಗಿರಲಿ. ನಿನ್ನ ಹಾಗೆ ಬೆಳೆಯಲಿ, ಚಿಕ್ಕಮ್ಮನ ಹಾಗೆ ಬೇಡ.

ನಿನ್ನ ತಂಗಿ,
ಮೊಂಡಿ

ತಾ.ಕ.: ಕಾಗದ ಅಂಟಿಸುವ ಮುಂಚೆ, ಮೊಳೆಗೆ ನೇತುಹಾಕಿದ್ದ ಅಪ್ಪನ ಅಂಗಿ ಒಗೆಯೋಕೆ ತೆಗೆದೆ. ಕೀಲಿ ಕೊಟ್ಟ ದಿನ ತೊಟ್ಟಿದ್ದ ಅಂಗಿ. ಜೇಬಲ್ಲಿ ನಮ್ಮ ಅಂಗಡಿ ಹೆಸರಿನ ಚೀಲ, ನಾನು ಹರಿದದ್ದೇ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಾನೆ. ಅದನ್ನು ಹಿಡಿದು ಅವನ ಮುಂದೆ ಹೋಗಿ ನಿಂತೆ. ಚೀಲ ನೋಡಿದ, ನನ್ನ ನೋಡಿದ. "ಜೇಬು ಖಾಲಿ ಮಾಡ್ಕೊಂಡು ಒಗಿ, ಮಗಳೇ" ಅಂದ. ಅಷ್ಟೇ.