ನೂರು ದೊಡ್ಡದೋ, ಹದಿನೈದು ದೊಡ್ಡದೋ

ಕೊಂಢವಾ, ಪುಣೆ
12 ನವೆಂಬರ್ 2009, ಗುರುವಾರ

ಅವ್ವ ಹೋದ ಮೇಲೆ ಅವ್ವನಾಗಿ ನನ್ನನ್ನು ಸಾಕಿದ ಅಕ್ಕುಗೆ, ತಮ್ಮನ ಶರಣು ಶರಣಾರ್ಥಿ.

ಕಾಲು ಹೇಗಿದೆ ಎಂದು ಕೇಳುವುದಿಲ್ಲ. ನಿನ್ನೆ ನಿನ್ನ ಮಗಳು ಇಂದೂಗೆ ಮೂರು ಸಲ ಫೋನ್ ಮಾಡಿ ಕೇಳಿದ್ದೇನೆ. ಮೂರನೆಯ ಸಲ ಅವಳು, "ಮಾಮಾ, ಕಾಲು ಇದ್ದಲ್ಲೇ ಅದ ರೀ, ಎಲ್ಲೂ ಓಡಿ ಹೋಗಿಲ್ಲ" ಎಂದು ಗದರಿದಳು. ಸೋಮವಾರದೊಳಗೆ ಗಾಯ ತುಂಬಿಕೊಳ್ಳುವ ಲಕ್ಷಣ ಕಾಣದಿದ್ದರೆ ಹೆಬ್ಬೆರಳು ತೆಗೆಯುತ್ತೇವೆಂದು ಡಾಕ್ಟರು ಹೇಳಿದ್ದು ಕೇಳಿದಾಗಿನಿಂದ ಕುಂತಲ್ಲಿ ಕೂರಲಾರೆ. ಬೆಳಿಗ್ಗೆಯಿಂದ ಎರಡು ಸಲ ಚಹಾ ಇಟ್ಟೆ, ಎರಡು ಸಲವೂ ಹಾಲು ಉಕ್ಕಿಸಿದೆ. ಗೌರಾ ಇದ್ದಿದ್ದರೆ ಅಡುಗೆಮನೆಯಿಂದ ಹೊರಗೆ ಹಾಕುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಯಿತು, ಬಯ್ಯುವ ಹೆಂಡತಿಯಿಲ್ಲದೆ ನನ್ನ ತಪ್ಪುಗಳಿಗೆ ಲಗಾಮೇ ಇಲ್ಲ.

ವಿಷಯಕ್ಕೆ ಬರುತ್ತೇನೆ. ಟು ದಿ ಪಾಯಿಂಟ್ ಬರೆಯಿರಿ ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರರು ಬಡಿದುಕೊಳ್ಳುತ್ತಿದ್ದರು. ಪಾಯಿಂಟ್ ಎಲ್ಲಿದೆ ಎಂದು ನನಗೆ ಆಗಲೂ ಗೊತ್ತಾಗುತ್ತಿರಲಿಲ್ಲ.

ಹೋದ ತಿಂಗಳು ನಾನು ಕಳಿಸಿದ ಜೇನಿನ ಬಾಟಲಿಯನ್ನು ಇನ್ನು ಗಾಯಕ್ಕೆ ಹಚ್ಚಬೇಡ. ಅಂಗಡಿಯವರು ತಪ್ಪಾಗಿ ಕೊಟ್ಟಿದ್ದಾರೆ ಎಂದು ಇಂದೂಗೆ ಫೋನಿನಲ್ಲಿ ಹೇಳಿದ್ದೇನೆ. ಚಹಾಕ್ಕೂ ಹಾಕಿಕೊಳ್ಳಬೇಡ, ನಿನ್ನ ಸಕ್ಕರೆ ಕಾಯಿಲೆಗೆ ಅದೂ ಸಕ್ಕರೆಯೇ. ಇಂದೂ ರೊಟ್ಟಿಗೆ ಹಚ್ಚಿಕೊಂಡು ತಿನ್ನಲಿ.

ಆದದ್ದು ಇಷ್ಟು. ಡಾಕ್ಟರು ಹೇಳಿದ ಹೊರದೇಶದ ಔಷಧಿ ಜೇನನ್ನು ಹುಡುಕಿಕೊಂಡು ವಿಮಾನ ನಗರದ ಮಾಲ್‌ಗೆ ಹೋಗಿದ್ದೆ. ಕಪಾಟಿನಲ್ಲಿ ಎರಡು ಬಾಟಲಿ ಇದ್ದವು. ಒಂದರ ಮೇಲೆ ಯುಎಂಎಫ್ 15 ಎಂದಿತ್ತು, ಇನ್ನೊಂದರ ಮೇಲೆ ಎಂಜಿಓ 100. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಕಾಗದದ ಮೇಲಿನ ಅಂಕಿಯನ್ನೇ ನಂಬಿ ಬದುಕಿದ ಗುಮಾಸ್ತ ನಾನು. ಸ್ಟ್ರಾಂಗ್, ಸ್ಟ್ರಾಂಗರ್, ಸ್ಟ್ರಾಂಗೆಸ್ಟ್ ಎಂದು ಮನಸ್ಸಿನಲ್ಲೇ ಅಂದುಕೊಂಡು ನೂರನ್ನು ಎತ್ತಿಕೊಂಡೆ. ಅಕ್ಕುಗೆ ಹದಿನೈದು ಯಾಕೆ, ನೂರೇ ಹೋಗಲಿ ಎಂಬ ಉಮೇದು.

ಮೊನ್ನೆ ಶಿವಾಜಿನಗರದಲ್ಲಿ ಚನ್ನವೀರನ ಮೆಡಿಕಲ್ ಅಂಗಡಿಗೆ ಹೋದಾಗ ಈ ಮಾತು ತೆಗೆದೆ. ಚನ್ನವೀರ ಎಂದರೆ ಗೌರಾಳ ಅಣ್ಣನ ಮಗ, ನಮ್ಮ ಮನೆಯ ವಾಸ್ತುಶಾಂತಿಗೆ ನಿನ್ನ ಎಲೆಗೆ ಮೂರು ಸಲ ತುಪ್ಪ ಬಡಿಸಿದವನು. ಕೇಳಿದ್ದೇ ಹಣೆ ಹಣೆ ಬಡಿದುಕೊಂಡ. "ಮಾಮಾ, ನೂರು ತೊಲಿ ದೊಡ್ಡದೋ, ಹದಿನೈದು ಕಿಲೋ ದೊಡ್ಡದೋ? ಜೇನಿನ ಕಸುವು ಅಳಿಯೂ ಅಳತೀನೇ ಬ್ಯಾರೆ ಬ್ಯಾರೆ ರೀ! ಆ ನೂರನ್ನ ಈ ಅಳತಿಗೆ ತಂದ್ರ ಐದೋ ಆರೋ ಆಗ್ತದ. ಈ ಹದಿನೈದು ಆ ಕಡಿ ಹೋದ್ರ ಐನೂರು ದಾಟ್ತದ. ಬರೇ ನಂಬರ್ ನೋಡಬ್ಯಾಡ್ರಿ, ನಂಬರಿನ ಹಿಂದ ಯಾವ ಅಕ್ಷರ ಅದಾವ ನೋಡ್ರಿ" ಎಂದ. ಆ ಅಕ್ಷರಗಳಿಲ್ಲದೆ ನಂಬರಿನ ಜೊತೆ ಬರೀ ಆಕ್ಟಿವ್ ಎಂದು ಬರೆದಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬಾರದಂತೆ.

ಹಾಗಾದರೆ ಹದಿನೈದು ತರಲೇನು ಎಂದು ಕೇಳಿದೆ. "ಅದೂ ಬ್ಯಾಡ ರೀ. ಎರಡೂ ತಿನ್ನೂವು. ಗಾಯಕ್ಕ ಹಚ್ಚೂದನ್ನ ಕ್ರಿಮಿ ಇರಲಾರದಂಗ ಮಾಡಿ ಟ್ಯೂಬಿನ್ಯಾಗ ಸೀಲ್ ಮಾಡಿರ್ತಾರ" ಎಂದು ಒಂದು ಟ್ಯೂಬು ತರಿಸಿಕೊಟ್ಟ.

ಅದನ್ನು ತಂದು ಮಾಡಿದ್ದೇನು ಗೊತ್ತೇ? ನಮ್ಮ ಮನೆಯಲ್ಲಿ ಹೊಸ ಬೆಲ್ಲ ಬರಲಿ, ಹೊಸ ತುಪ್ಪ ಬರಲಿ, ಮೊದಲು ಲಿಂಗಕ್ಕೆ ತೋರಿಸದೆ ಗೌರಾ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದೇ ರೂಢಿ. ನಿನ್ನೆ ಬೆಳಿಗ್ಗೆ ಪೂಜೆಗೆ ಕುಳಿತು, ಅಕ್ಕುವಿನ ಬೆರಳು ಉಳಿಯಲಿ ಎಂದು ಟ್ಯೂಬಿನ ಸೀಲು ಒಡೆದು ಒಂದು ಹನಿ ಲಿಂಗದ ಮೇಲೆ ಇಟ್ಟೆ. ಮನಸ್ಸಿಗೆ ಹಗುರವಾಯಿತು. ಆಮೇಲೆ ಮುಚ್ಚಳ ತಿರುವಿ ಪಾರ್ಸಲ್ ಕಟ್ಟುತ್ತಿದ್ದಾಗ ಚನ್ನವೀರ ಬಂದ, ನೋಡಿದ. ಪಾಪ, ಈ ಸಲ ಬಯ್ಯಲಿಲ್ಲ. "ದೇವರಿಗೆ ಇಟ್ಟದ್ದು ತಪ್ಪಲ್ಲ ರೀ ಮಾಮಾ. ಆದ್ರ ಒಡದ ಟ್ಯೂಬು ಊರಿಗೆ ಕಳಿಸೂಹಂಗಿಲ್ಲ, ಆ ಗಾಯಕ್ಕ ನಡಿಯೂದಿಲ್ಲ" ಎಂದಷ್ಟೇ ಹೇಳಿ ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಸಂಜೆ ಬೇರೆ ಎರಡು ತಂದುಕೊಟ್ಟ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನೀನೂ ಅದನ್ನೇ ಮಾಡುವವಳು. ದಯವಿಟ್ಟು ಈ ಎರಡು ಟ್ಯೂಬುಗಳನ್ನು ಪೂಜೆಗೆ ಒಯ್ಯಬೇಡ. ನಿನ್ನ ಪರವಾಗಿ ನಾನು ಇಟ್ಟಾಗಿದೆ, ದೇವರು ಎರಡೆರಡು ಸಲ ಕೇಳುವುದಿಲ್ಲ. ಸೀಲು ಇದ್ದಹಾಗೆಯೇ ಡಾಕ್ಟರಿಗೆ ತೋರಿಸು. ಅವರು ಹೂಂ ಎಂದರೆ ಅವರೇ ಒಡೆದು ಹಚ್ಚಲಿ. ಬೇಡ ಎಂದರೆ ಬೇಡ. ಇದರಿಂದ ಬೆರಳು ಉಳಿದೇ ಉಳಿಯುತ್ತದೆ ಎಂದು ಚನ್ನವೀರನೂ ಹೇಳಲಿಲ್ಲ, ಎಷ್ಟು ಕೇಳಿದರೂ ಹೇಳಲಿಲ್ಲ.

ಪಾರ್ಸಲನ್ನು ಊರಿನ ಕಡೆ ಬರುವ ಇಂಡಿ ಬಸ್ಸಿನ ಡ್ರೈವರ್ ಕೈಗೆ ಕೊಡಬೇಕು ಎಂದಿದ್ದೇನೆ. ಇಂದೂಗೆ ಫೋನ್ ಮಾಡಿ ಹೇಳುತ್ತೇನೆ, ಅವಳೇ ಸ್ಟ್ಯಾಂಡಿಗೆ ಹೋಗಲಿ. ಕಾಲು ನೆಲಕ್ಕೆ ಊರಬೇಡ.

ನಿನ್ನ ಬೆರಳಿನ ಮೇಲೆಯೇ ಜೀವ ಇಟ್ಟುಕೊಂಡಿರುವ
ತಮ್ಮ ಹೊಳಬಸಪ್ಪ

ತಾ. ಕ.: ಅಂಗಡಿಯವರು ತಪ್ಪಾಗಿ ಕೊಡಲಿಲ್ಲ, ಅಕ್ಕು. ಅಲ್ಲಿ ಶೀತಲ್ ಎಂಬ ಹುಡುಗಿ ಇದ್ದಳು. "ಕಾಕಾ, ಜಖಮೇಸಾಠೀ ಆಹೇ ಕಾ?" ಎಂದು ಮರಾಠಿಯಲ್ಲಿ ಕೇಳಿದಳು, ಗಾಯಕ್ಕೇನು ಎಂದು. ಇದು ತಿನ್ನುವುದು, ಗಾಯದ್ದು ಮೆಡಿಕಲ್‌ನಲ್ಲಿ ಸಿಗುತ್ತದೆ ಎಂದಳು. ಎರಡು ನಂಬರುಗಳ ವ್ಯತ್ಯಾಸವನ್ನೂ ಹೇಳಲು ಬಾಯಿ ತೆರೆದಳು. ನನ್ನ ಹಿಂದೆ ಜನ ನಿಂತಿದ್ದರು. ಇಂದೂಗಿಂತ ಚಿಕ್ಕವಳಿಂದ ಪಾಠ ಹೇಳಿಸಿಕೊಳ್ಳುವುದೇ ಎನಿಸಿ, "ಐ ನೋ, ಐ ನೋ, ಐ ಆಮ್ ಗ್ರಾಜುಯೇಟ್" ಎಂದುಬಿಟ್ಟೆ. ಅವಳು ಬಾಟಲಿಯನ್ನು ಚೀಲಕ್ಕೆ ಹಾಕಿಕೊಟ್ಟಳು. ಆ ಒಂದು ಮಾತಿಗೆ ನಿನ್ನ ಒಂದು ತಿಂಗಳು ಹೋಯಿತು.

ಡ್ರೈವರ್ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ. ನಾನೇ ತಂದಿದ್ದೇನೆ. ಮುಖ ನೋಡಿ ಹೇಳಲಾರದೆ ಈ ಕಾಗದವನ್ನು ಇಂದೂ ಕೈಲಿ ಒಳಗೆ ಕಳಿಸಿ, ನೀನು ಓದುವಷ್ಟು ಹೊತ್ತು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೇನೆ. ಬಯ್ಯುವುದಿದ್ದರೆ ನೀನೇ ಕೂಗು, ಬರುತ್ತೇನೆ. ಸೋಮವಾರ ಡಾಕ್ಟರ ಹತ್ತಿರ ನಾನೂ ಬರುವವನೇ. ತಿಂಗಳಿಡೀ ಗಾಯಕ್ಕೆ ಏನು ಹಚ್ಚಿದರು, ಯಾರು ತಂದುಕೊಟ್ಟರು ಎಂದು ಅವರು ಕೇಳಿದರೆ ನಾನೇ ಹೇಳುತ್ತೇನೆ, ಕನ್ನಡದಲ್ಲಿ.