ಎರಡನೇ ಸಲ ಹೊಸ್ತಿಲು ದಾಟಿದ್ದು

ಮನೆಯಿಂದ,
ಒಂದನೇ ತಾರೀಖು, ಸೋಮವಾರ, ಬೆಳಗಿನ ಹೊತ್ತು

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಮೋಟರಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿದೆ ಎಂದು ಬರೆದಿದ್ದೆ, ಈಗ ಪರವಾಗಿಲ್ಲವೇ? ತಂತಿ ಸುತ್ತಿ ವೈಂಡಿಂಗ್ ಮುಗಿಸಿ ವಾರ್ನಿಷ್ ಬಳಿಯುವಾಗ ಕಿಟಕಿ ತೆರೆದಿಟ್ಟುಕೋ. ಕೆಮ್ಮು ಬರುವುದು ಆ ವಾಸನೆಗೆ, ಸಿಗರೇಟಿಗಲ್ಲ ಎಂದು ನೀನು ಹೇಳಿದ್ದನ್ನು ಅರ್ಧ ಮಾತ್ರ ನಂಬಿದ್ದೇನೆ. ಈ ಕಾಗದವನ್ನು ನಿನ್ನ ಹೆಂಡತಿಗೂ ಓದಿ ಹೇಳು, ಬಚ್ಚಿಡಬೇಡ. ನನ್ನ ಮಂಡಿ ಹಾಗೇ ಇದೆ. ಕಣ್ಣು ಮಾತ್ರ ಚೆನ್ನಾಗಿದೆ. ಪೇಪರನ್ನು ಕೊನೆಯ ಪುಟದ ಸಣ್ಣಕ್ಷರದ ತನಕ ಓದುತ್ತೇನೆ.

ನಿನ್ನೆ ಸಂಜೆ ನಿನ್ನ ಅಣ್ಣನಿಗೆ ಬೀಳ್ಕೊಡುಗೆ ಆಯಿತು. ಊರಿನ ಪೊಲೀಸ್ ಮುಖ್ಯಸ್ಥ ನಿವೃತ್ತನಾಗುತ್ತಾನೆಂದರೆ ಸುಮ್ಮನೆಯೇ? ಸಭಾಂಗಣ ತುಂಬಿ ಹೊರಗೂ ಕುರ್ಚಿ ಹಾಕಿದ್ದರು. ಸನ್ಮಾನ ಸಮಿತಿಗೆ ಸಿಮೆಂಟ್ ಅಂಗಡಿಯವನು ಅಧ್ಯಕ್ಷ. ಅವನ ಲಾರಿಗಳು ಶಾಲೆಯ ಗೇಟಿಗೆ ಅಡ್ಡ ನಿಂತರೂ ಇಷ್ಟು ವರ್ಷ ಯಾರೂ ದಂಡದ ಚೀಟಿ ಹರಿಯಲಿಲ್ಲ, ಹಾಗಾಗಿ ಅವನ ಬಾಯಲ್ಲಿ ಜೇನು ಸುರಿಯುತ್ತಿತ್ತು. "ಇಂಥ ಮಗನನ್ನು ಹೆತ್ತ ತಾಯಿ" ವೇದಿಕೆಯ ಮೇಲೆ ಕೂರಬೇಕು, ಎರಡು ಮಾತು ಆಡಬೇಕು ಎಂದು ಅವನೇ ಮನೆಗೆ ಬಂದು ಹೇಳಿ ಹೋಗಿದ್ದ. ಪೇಪರಿನಲ್ಲಿ ಬಂದಿದ್ದ ಆ ಹಳೆಯ ಫೋಟೊ ದೊಡ್ಡದಾಗಿ ಹಾಕಿಸುತ್ತಿದ್ದೇವೆ ಎಂದೂ ಹೇಳಿದ. ನಾನು ಆವತ್ತೇ ನಿನ್ನ ಅಣ್ಣನನ್ನು ಕರೆಸಿದೆ. ಫೋಟೊ ಹಾಕುವುದಾದರೆ ಕೋರ್ಟು ತಮ್ಮನನ್ನು ನಿರ್ದೋಷಿ ಎಂದ ಒಂದು ವಾಕ್ಯವನ್ನೂ ಹೇಳಿಸು ಎಂದು ಕೇಳಿದೆ. ಒಂದೇ ವಾಕ್ಯ. "ಈಗ್ಯಾಕಮ್ಮಾ ಅದೆಲ್ಲ, ಯಾರಿಗೂ ನೆನಪಿಲ್ಲ" ಎಂದ. ನೆನಪಿಲ್ಲದಿದ್ದರೆ ಫೋಟೊ ಯಾಕೆ ಎಂದೆ. ಅದಕ್ಕೆ ಅವನು ನನ್ನ ಮಾತ್ರೆಗಳ ವಿಷಯ ತೆಗೆದ.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹೊಳೆ ಉಕ್ಕಿದ ವರ್ಷ ಎದೆಮಟ್ಟದ ನೀರಿನಲ್ಲಿ ಆಸ್ಪತ್ರೆಯ ರೋಗಿಗಳನ್ನು ಅವನು ಹೊತ್ತು ತಂದದ್ದು ನಿಜ. ಆಟೊ ಓಡಿಸುವವರಿಗೆ ಓದು ಬರಹ ಕಲಿಸಲು ಠಾಣೆಯ ಹಿಂದಿನ ಶೆಡ್ಡು ಬಿಟ್ಟುಕೊಟ್ಟದ್ದು, ರಕ್ತದಾನಕ್ಕೆ ತಾನೇ ಮೊದಲು ತೋಳು ಚಾಚಿದ್ದು ನಿಜ. ಅವನ್ನೆಲ್ಲ ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಿಂದಿನ ಪರದೆ ಸರಿಸಿದರು. ಗೋಡೆಯಷ್ಟಗಲ ನಮ್ಮ ಮನೆಯ ಬಾಗಿಲು, ಸಮವಸ್ತ್ರದಲ್ಲಿ ಅವನು, ಅವನ ಹಿಡಿಯಲ್ಲಿ ನಿನ್ನ ಮಣಿಕಟ್ಟು.

ನಿರೂಪಣೆಗೆ ಬಂದಿದ್ದ ಕಾಲೇಜು ಮೇಷ್ಟ್ರು ಗಂಟಲು ನಡುಗಿಸಿಕೊಂಡು ಕಥೆ ಹೇಳಿದರು. ವಿದ್ಯುತ್ ಗೋದಾಮಿನಿಂದ ತಾಮ್ರದ ತಂತಿ ಕದ್ದ ತಮ್ಮನನ್ನು ಹಿಡಿಯಲು ಹೋದಾಗ ತಾಯಿ ಕಾಲಿಗೆ ಬಿದ್ದರಂತೆ, ಮಗ ಕಣ್ಣೊರೆಸಿಕೊಂಡು "ಕಾನೂನಿಗೆ ತಮ್ಮನಿಲ್ಲ ಅಮ್ಮಾ" ಎಂದನಂತೆ. ನಾನು ಯಾರ ಕಾಲಿಗೂ ಬಿದ್ದಿಲ್ಲ ಪುಟ್ಟೂ. ಬಟ್ಟೆ ಹಿಂಡುತ್ತಾ ಅಂಗಳದಲ್ಲಿ ನಿಂತಿದ್ದೆ. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಎಲ್ಲಾದರೂ ಒಂದು ಕಡೆ ಇರಲಿ. ಅವನು ಕರೆದಾಗ ನೀನು ಕೆಲಸ ಬಿಟ್ಟು ಬನಿಯನ್ನಿನಲ್ಲೇ ಎದ್ದು ಬಂದೆ. ತಂತಿ ಎಲ್ಲಿಂದ ತಂದೆ ಎಂದು ಕೇಳಿದ್ದರೆ ನೀನು ಅಂಗಡಿಯ ರಸೀದಿ ತೋರಿಸುತ್ತಿದ್ದೆ, ಕೇಳಲಿಲ್ಲ. ಪೇಪರಿನ ಫೋಟೊಗ್ರಾಫರ್ ಇನ್ನೂ ಬಂದಿರಲಿಲ್ಲ, ಅದಕ್ಕೆ ನಿನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಕಾದ. ಫೋಟೊಗ್ರಾಫರನ ಸ್ಕೂಟರ್ ಬಂದು ನಿಂತ ಮೇಲೆ ನಿನ್ನ ಅಣ್ಣ, "ಒಳಗೆ ಹೋಗಿ ಒಂದು ಅಂಗಿ ಹಾಕ್ಕೊಂಡು ಬಾರೋ, ಪೇಪರಲ್ಲಿ ಬರುತ್ತೆ" ಎಂದ. ನಿನ್ನದು ಒಂದೂ ಇಸ್ತ್ರಿಯಾಗಿರಲಿಲ್ಲ. ಗೂಟದಲ್ಲಿದ್ದ ಅವನದೇ ಗೆರೆ ಅಂಗಿ ತೊಟ್ಟು, ತಲೆ ಬಾಚಿಕೊಂಡು ಎರಡನೇ ಸಲ ಹೊಸ್ತಿಲು ದಾಟಿದೆ. ಅಣ್ಣ ಎರಡು ಪ್ರಶ್ನೆ ಕೇಳಿ ಕಳಿಸುತ್ತಾನೆ ಎಂದುಕೊಂಡಿದ್ದೆ ನೀನು. ನಗುತ್ತಿದ್ದೆ. "ನಗಬೇಡ್ವೋ" ಎಂದು ಅವನು ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದೆ.

ಮರುದಿನ ಮೊದಲ ಪುಟ. ಕದ್ದ ತಂತಿ ಆಮೇಲೆ ಗೋದಾಮಿನ ಕಾವಲುಗಾರನ ಮನೆಯಲ್ಲೇ ಸಿಕ್ಕಿತು, ಕೋರ್ಟು ನಿನ್ನನ್ನು ಬಿಟ್ಟಿತು. ಅದು ಯಾವ ಪುಟದಲ್ಲೂ ಬರಲಿಲ್ಲ. ದಿನಾ ಹುಡುಕಿದೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ನಿಮ್ಮಪ್ಪ ಒಂದು ಅಕ್ಷರ ತಪ್ಪಿದರೂ ಮರುದಿನ ತಿದ್ದುಪಡಿ ಹಾಕಿಸುತ್ತಿದ್ದವರು. ನಿನ್ನ ವಿಷಯಕ್ಕೆ ತಿದ್ದುಪಡಿಯೇ ಇಲ್ಲ. ಆಮೇಲೆ ರಿಪೇರಿಗೆಂದು ಒಬ್ಬರೂ ಒಂದು ಫ್ಯಾನು ತರಲಿಲ್ಲ, ನೀನು ಊರು ಬಿಟ್ಟೆ. ಅವನಿಗೆ ಬಡ್ತಿ ಸಿಕ್ಕಿತು.

ಮೈಕು ನನ್ನ ಕೈಗೆ ಬಂತು. ಹೇಳಬೇಕಾದ್ದನ್ನು ನಿನ್ನ ಅಣ್ಣ ಮೊದಲೇ ಬಾಯಿಪಾಠ ಮಾಡಿಸಿದ್ದ, ಅದನ್ನು ಹೇಳಲಿಲ್ಲ. "ಇದು ಎರಡನೇ ಸಲ ಬಾಗಿಲಿಗೆ ಕರೆದು ನಿಲ್ಲಿಸಿ ತೆಗೆದ ಫೋಟೊ. ನನ್ನ ಚಿಕ್ಕ ಮಗ ಹಾಕಿರೋ ಅಂಗಿ ಇಲ್ಲಿ ಕೂತಿರೋ ಸಾಹೇಬರದು. ತಂತಿ ಮಾತ್ರ ಅವನದೇ, ದುಡ್ಡು ಕೊಟ್ಟು ತಂದಿದ್ದು, ಕೋರ್ಟೇ ಹೇಳಿದೆ" ಎಂದೆ. ಅಂಗಿಯ ಮಾತಿಗೆ ಜನ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಸಿಮೆಂಟಿನವನು ಮೈಕಿಗೆ ಕೈ ಚಾಚಿದ, ಕೊಡಲಿಲ್ಲ. "ನನ್ನ ಮಗ ಕಳ್ಳ ಅಲ್ಲ. ಸಾಹೇಬರಿಗೂ ಗೊತ್ತು, ಬೇಕಾದರೆ ಕೇಳಿ" ಎಂದು ಹೇಳಿ ಕೂತೆ. ಯಾರೂ ಕೇಳಲಿಲ್ಲ. ನಿನ್ನ ಅಣ್ಣ ತೊಡೆಯ ಮೇಲಿದ್ದ ಬೆಳ್ಳಿ ಫಲಕದಲ್ಲಿ ತನ್ನ ಹೆಸರು ಓದುತ್ತಿದ್ದ, ಮೊದಲ ಸಲ ನೋಡುವವನ ಹಾಗೆ.

ಇವತ್ತಿನ ಪೇಪರಿನಲ್ಲಿ ಅರ್ಧ ಪುಟ ಬಂದಿದೆ. ಸಿಮೆಂಟಿನವನ ಭಾಷಣ ಪೂರ್ತಿ ಇದೆ. ನನ್ನದು ಒಂದು ಸಾಲು: "ತಾಯಿ ಭಾವುಕರಾಗಿ ಮಾತನಾಡಿದರು." ಭಾವುಕಳಂತೆ! ಸಂಪಾದಕರಿಗೂ ಕಾಗದ ಬರೆದಿದ್ದೇನೆ. ಇದರ ಜೊತೆಗೇ ಡಬ್ಬಿಗೆ ಹಾಕುತ್ತೇನೆ. ಹಾಕಿಕೊಳ್ಳದಿದ್ದರೆ ಮತ್ತೆ ಬರೆಯುತ್ತೇನೆ. ನನಗೇನು ನಿವೃತ್ತಿಯೇ?

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ಹೇಳು. ನಿಮ್ಮಿಬ್ಬರ ಬಾಳು ತಣ್ಣಗಿರಲಿ.

ಇಂತು,
ನಿನ್ನ ಅಮ್ಮ

ಮರೆತಿದ್ದೆ: ನಿನ್ನ ಅಣ್ಣ ಬೆಳಿಗ್ಗೆಯೇ ಬಂದ, ಸಾದಾ ಅಂಗಿಯಲ್ಲಿ. ನಿನ್ನ ವಿಳಾಸ ಬೇಕಂತೆ. ಕೊಡಲ್ಲ ಎಂದೆ. "ಹುಡುಕೋದು ನನಗೇನು ಕಷ್ಟ, ನಾನು ಪೊಲೀಸ್" ಎಂದ. "ನಿನ್ನೆ ತನಕ" ಎಂದೆ. ಆಗಿನಿಂದ ಮೆಟ್ಟಿಲ ಮೇಲೆ, ನಿನ್ನನ್ನು ಕೂರಿಸಿದ್ದ ಜಾಗದಲ್ಲೇ ಕೂತಿದ್ದಾನೆ. ನಾನು ಒಳಗೆ ಕರೆದಿಲ್ಲ. ನೀನು ಕೊಡು ಎಂದು ಬರೆದರೆ ಮಾತ್ರ ವಿಳಾಸ ಕೊಡುತ್ತೇನೆ. ಬಂದರೂ ಮೊದಲ ಸಲಕ್ಕೇ ಬಾಗಿಲು ತೆಗೆಯಬೇಡ. ಎರಡನೇ ಸಲ ಬರುತ್ತಾನೋ ನೋಡು.